ಏಳನೆಯ ಲೆಕ್ಕ

ನಮ್ಮ ದ್ವೀಪದಲ್ಲಿ ಕರೆಂಟು ಇರುವುದು
ದೋಣಿಕಟ್ಟೆಯ ಅಪಿಯೊಳ ತಗಡಿನ ಗೂಡಿನಲ್ಲಿ ಮಾತ್ರ.
ಮಾಡಿನ ಮೇಲೆ ಎರಡು ಸೋಲಾರ್ ಹಲಗೆ, ಒಳಗೆ ಲಾರಿಯ ಬ್ಯಾಟರಿ,
ಗೋಡೆಗೆ ಹೊಡೆದ ಮೊಳೆಮೊಳೆಗೂ
ಬಾವಲಿಯ ಹಾಗೆ ತಲೆಕೆಳಗಾಗಿ ತೂಗುವ ಬೆಸ್ತರ ಫೋನು.

ಹದಿಮೂರು ವರ್ಷ ಅವಳಿಗೆ. ಅವಳಿ ಮಕ್ಕಳಲ್ಲಿ
ಮೊದಲು ಬಂದದ್ದಕ್ಕೆ ಅಪಿಯೊ, ನಮ್ಮ ಲುವೊ ಮಾತಿನಲ್ಲಿ ಅವಸರದವಳು.
ಹಿಂದೆ ಉಳಿದದ್ದಕ್ಕೆ ತಮ್ಮ ಒಡೊಂಗೊ.
ನಾಲ್ಕನೆಯ ತರಗತಿ ಮುಗಿದು
ಸಮವಸ್ತ್ರ ಒಂದೇ ಹೊಲಿಸಲಾದ ವರ್ಷ
ಹಿಂದೆ ಉಳಿದವನು ಶಾಲೆಗೆ ಮುಂದೆ ಹೋದ.

ನಾನು ಅಲ್ಲಿನ ಗಣಿತದ ಮೇಷ್ಟ್ರು.
ಶೇಕಡಾ ಎಂದರೇನೆಂದು ಮಕ್ಕಳಿಗೆ ತಿಳಿಸಲು
ಕಿತ್ತಳೆ ಸುಲಿದೆ, ಕಾಳು ಎಣಿಸಿದೆ, ಗಂಟಲು ಒಣಗಿಸಿಕೊಂಡೆ.
ಅಪಿಯೊಗೆ ಯಾರೂ ಹೇಳಿಕೊಟ್ಟಿರಲಿಲ್ಲ.
ಶೇಕಡಾ ನಲವತ್ತು ಎಂದರೆ
ಒಗುಟುವಿನ ದೋಣಿ ಎರಡನೆಯ ಬಲೆ ಎಳೆಯುವ ತನಕ.
ಒಂಬತ್ತು ಎಂದರೆ ಹೆಂಡತಿಗೊಂದು ಮಾತು,
ಅದೂ ಅವಳು ಬಯ್ಯದಿದ್ದರೆ.

ಹೋದ ಜೂನ್‌ನಲ್ಲಿ ನಲವತ್ತು ಟ್ಯಾಬ್ಲೆಟ್ ಬಂದವು,
ಕಬ್ಬಿಣದ ಪೆಟ್ಟಿಗೆಯಲ್ಲಿ, ಎರಡು ಬೀಗ, ಒಂದು ಭಾಷಣದ ಜೊತೆ.
ಚಾರ್ಜಿನ ಮಾತು ಭಾಷಣದಲ್ಲಿ ಇರಲಿಲ್ಲ.
ಸಂಜೆಯಾದರೆ ಪೆಟ್ಟಿಗೆಯನ್ನು ಕೈಗಾಡಿಯಲ್ಲಿಟ್ಟು
ಅಪಿಯೊಳ ಗೂಡಿಗೆ ತಳ್ಳುವುದು ನನ್ನ ಪಾಲಿಗೆ ಬಂತು.
ಅದರೊಳಗೆ ಮನೆಗೆಲಸವೂ ಇತ್ತು, ವಾರಕ್ಕೆ ಹತ್ತು ಪ್ರಶ್ನೆ,
ಯಾವ ಮನೆಗೂ ಹೋಗದ ಮನೆಗೆಲಸ.

ಮೂರನೆಯ ವಾರ ಕೌಂಟಿ ಕಚೇರಿಯಿಂದ ಅಭಿನಂದನೆ:
ನಿಮ್ಮ ನಲವತ್ತು ಮಕ್ಕಳೂ ಹತ್ತಕ್ಕೆ ಒಂಬತ್ತು!
ಹಿಗ್ಗಿದೆ, ಸುಳ್ಳೇಕೆ, ಇಸ್ತ್ರಿಯ ಷರಟು ತೊಟ್ಟೆ.
ಆಮೇಲೆ ಹಾಜರಿ ಪುಸ್ತಕ ತೆರೆದೆ.
ನನ್ನ ತರಗತಿಯಲ್ಲಿರುವುದು ಮೂವತ್ತೊಂಬತ್ತು.
ಇಪ್ಪತ್ತಮೂರನೆಯ ನಂಬರಿನ ಒಡೊಂಗೊ
ಮಲೇರಿಯಾ ಬಂದು ಮಲಗಿ ಹನ್ನೆರಡು ದಿನ,
ಚಾಪೆಯ ಮೇಲೆ ನಡುಗುತ್ತಲೇ ದಶಾಂಶ ದಾಟಿದ್ದಾನೆ.
ಮತ್ತೆ ನೋಡಿದೆ. ಎಲ್ಲರೂ ತಪ್ಪಿದ್ದು ಏಳನೆಯದನ್ನೇ,
ಎಲ್ಲರ ತಪ್ಪು ಉತ್ತರವೂ ಒಂದೇ.

ಕತ್ತಲಾದ ಮೇಲೆ ಹೋದೆ. ನೀರಿನ ಮೇಲೆ
ಒಮೆನಾ ಮೀನಿಗೆ ಒಡ್ಡಿದ ದೀಪಗಳು ದೂರದೂರ.
ಗೂಡಿನಲ್ಲಿ ನಲವತ್ತು ಹಸಿರು ಚುಕ್ಕಿ,
ಕೇಳಿದಷ್ಟು ಸಲವೂ ಬೇಸರಿಸದೆ ಹೇಳುವ ಒಂದು ದನಿ.
ನಾನು ಅಷ್ಟು ಸಲ ಹೇಳಿದವನಲ್ಲ.

ಅವಳು ಓಡಲಿಲ್ಲ, ಅಳಲೂ ಇಲ್ಲ.
'ಐವತ್ತಿದ್ದದ್ದು ಶೇಕಡಾ ಇಪ್ಪತ್ತು ಏರಿದರೆ ಎಷ್ಟು?'
'ಎಪ್ಪತ್ತು,' ಅಂದಳು.
'ಅರವತ್ತು,' ಅಂದೆ.
ಒಗುಟುವಿನ ಫೋನನ್ನು ಮೊಳೆಯಿಂದ ಇಳಿಸಿ ಹಿಡಿದಳು:
'ಬಂದಾಗ ಐವತ್ತು. ಇಪ್ಪತ್ತು ಏರಿತು. ಓದಿ, ಮ್ವಾಲಿಮು.'
ಎಪ್ಪತ್ತೇ ಇತ್ತು.

'ಇಪ್ಪತ್ತು ಯಾವುದರದ್ದು ಅಂತ ಕೇಳಬೇಕು, ಮಗು.
ಇದ್ದದ್ದರಲ್ಲಿ ಇಪ್ಪತ್ತು. ಇದ್ದದ್ದು ಐವತ್ತು ತಾನೆ?'
'ಇದ್ದದ್ದನ್ನು ಯಾರು ಅಳೆಯುತ್ತಾರೆ?' ಅಂದಳು.
'ಇಲ್ಲಿ ಎಲ್ಲವೂ ತುಂಬಿದ್ದರ ಲೆಕ್ಕ.'

ಇಪ್ಪತ್ತೆರಡು ವರ್ಷ ಸೀಮೆಸುಣ್ಣದ ಪುಡಿ ನುಂಗಿದ ಬಾಯಿ
ಸ್ವಲ್ಪ ಹೊತ್ತು ತೆರೆಯಲಿಲ್ಲ.
ಆಮೇಲೆ ಹಾಳೆ ಕೇಳಿದೆ.
ಸಿಗರೇಟಿನ ಖಾಲಿ ಪ್ಯಾಕು ಬಿಡಿಸಿ ಒಳಮೈ ಕೊಟ್ಟಳು.
ಇಬ್ಬರೂ ಕೂತೆವು. ಫೋನು ಒಯ್ಯಲು ಬಂದವರು
ನಿಂತರು, ನಕ್ಕರು, ತಾವೂ ಬಗ್ಗಿ ನೋಡಿದರು.
ಒಬ್ಬ ನನ್ನ ಕೂಡಿಕೆಯನ್ನೇ ತಿದ್ದಿದ.

ಸೋಮವಾರ ವರದಿ ತೆರೆದೆ:
ಮೂವತ್ತೊಂಬತ್ತು ಕಡೆ ಅರವತ್ತು, ಹಸಿರು ಗುರುತು.
ಯಾರಿಗೂ ಹಂಚದ, ಮೂಲೆ ಬಿರುಕು ಬಿಟ್ಟ ಒಂದರಲ್ಲಿ
ಎಪ್ಪತ್ತು, ಕೆಂಪು ಗುರುತು.

ತಿದ್ದು ಅಂತ ಹೇಳಬೇಕಿತ್ತು, ಹೇಳಲಿಲ್ಲ.
ಈ ಸಂಜೆ ಕೈಗಾಡಿಯ ಚಕ್ರ ಮರಳಲ್ಲಿ ಹೂತಿದೆ.
ತಳ್ಳುತ್ತಿದ್ದೇನೆ.