ಭಟ್ಟಿ ಇದ್ದ ಜಾಗ

ಯುಗಾದಿಗೆ ಇನ್ನೂ ಒಂಬತ್ತು ದಿನ ಇರುವಾಗ
ಗಂಗುಲಪ್ಪ ಸುತ್ತಿಗೆ ತಂದ.

ಕ್ಯಾಲೆಂಡರಿನ ಬೆನ್ನಿಗೆ ನಮ್ಮ ಯಜಮಾನರು ಬರೆದ ಪಟ್ಟಿ.
ಮೂರು ವರ್ಷದಿಂದ ಅದೇ ಪಟ್ಟಿ, ಕ್ಯಾಲೆಂಡರು ಮಾತ್ರ ಬೇರೆ:
ಅಡುಗೆಮನೆ ಸೋರಿಕೆ. ಬಚ್ಚಲ ಬಾಗಿಲ ಕೀಲು.
ನಲ್ಲಿಗೆ ವಾಷರು. ಹಿತ್ತಲಲ್ಲಿ ಏನಾದರೂ ಗಿಡ.
ಭಟ್ಟಿ ಒಡೆಯುವ ಮಾತು ಅದರಲ್ಲಿ ಎಲ್ಲೂ ಇಲ್ಲ.
ಅದನ್ನು ಸೇರಿಸಿದ್ದು ನಾನು,
ಬಾಯಲ್ಲೇ, ಕಾಫಿ ಕೊಡುವಾಗ.

ಲೋಟ ಕೆಳಗಿಡದೆ "ಆಯ್ತು" ಅಂದರು.
ಸ್ವಲ್ಪ ಹೊತ್ತಾದ ಮೇಲೆ
"ಪೇಟೆಗೆ ಹೋಗಿಬರ್ತೀನಿ" ಅಂದರು.
ಪೇಟೆಯಲ್ಲಿ ಅವರಿಗೇನೂ ಕೆಲಸ ಇರಲಿಲ್ಲ.

ಇಪ್ಪತ್ತಾರು ವರ್ಷ ಉರಿದ ಒಲೆ.
ಶಿಡ್ಲಘಟ್ಟದ ನೀರು ಕೆಳಗೆ ಕೆಳಗೆ ಇಳಿದಷ್ಟೂ
ನಮ್ಮ ಗೋಡೆಯ ಮಸಿ ಮೇಲೆ ಮೇಲೆ ಏರಿತ್ತು.
ಗೂಡಿನ ರೇಟು, ನೂಲಿನ ರೇಟು, ಸೌದೆಯ ಲೆಕ್ಕ
ಎಲ್ಲ ಇದ್ದಿಲಲ್ಲಿ ಅಲ್ಲೇ ಗೀಚಿದ್ದರು;
ಕಪ್ಪಿನ ಮೇಲೆ ಕಪ್ಪು, ಅವರಿಗೊಬ್ಬರಿಗೇ ಓದಲು ಬರುತ್ತಿತ್ತು.

ಮೊದಲ ಏಟಿಗೆ ಎದ್ದಿದ್ದು ವಾಸನೆ.
ಬೆಂದ ಹುಳದ ವಾಸನೆ, ನಿಮಗೆ ಗೊತ್ತಿದ್ದರೆ ಗೊತ್ತು,
ಗೊತ್ತಿಲ್ಲದವರಿಗೆ ಹೇಳಲಾರೆ.
ಮಗಳು ನಿರ್ಮಲ ಮೂಗು ಮುಚ್ಚಿಕೊಂಡು ಒಳಗೋಡಿದಳು.
ಅದೇ ಬೆರಳಲ್ಲಿ ತುತ್ತು ತಿಂದು ಬೆಳೆದವಳು.

ಬಣ್ಣದ ನಯಾಜ್ ಎರಡು ಕೋಟು ಹೊಡೆದ.
"ಮಳೆಗಾಲಕ್ಕೆ ಮಸಿ ಮತ್ತೆ ಇಣುಕುತ್ತೆ ಅಕ್ಕಯ್ಯ,
ನಮ್ಮಪ್ಪಂದೂ ಭಟ್ಟಿ ಇತ್ತು, ಬಾಡಿಗೆಗೆ ಬಂದೋರು ಕೇಳ್ತಾರೆ,
ಇಲ್ಲೇನು ಬೆಂಕಿ ಬಿದ್ದಿತ್ತಾ ಅಂತ."
ಏನಂತೀಯ ಅಂದೆ.
"ಬಿದ್ದಿತ್ತು ಅಂತೀನಿ" ಅಂದ, ಬ್ರಷ್ಷು ಅದ್ದಿಕೊಂಡ.

ಬೇಸಿನ್ನನ್ನು ಗುಜರಿಯವನಿಗೆ ಕೊಡಲಿಲ್ಲ.
ಗೂಡುಗಳು ಬಿಸಿನೀರಲ್ಲಿ ಕುಣಿಯುತ್ತಿದ್ದ ಬೇಸಿನ್ನು,
ನನ್ನ ಬೆರಳ ತುದಿಗಳ ಗೆರೆ ಕರಗಿಸಿದ ಬೇಸಿನ್ನು,
ಆಧಾರಿನವನ ಮಿಷಿನ್ನಿಗೆ ಇವತ್ತಿಗೂ ನಾನು ಯಾರೋ ಗೊತ್ತಾಗುವುದಿಲ್ಲ.
ತಳಕ್ಕೆ ಮೂರು ತೂತು ಹೊಡೆಸಿ ಮಣ್ಣು ತುಂಬಿ
ಬಸಳೆ ಹಾಕಿದೆ.
ಅಗೆದಲ್ಲೆಲ್ಲ ಹಳೆಯ ಹುಳದ ಹೊಟ್ಟು, ಕರ್ರಗೆ, ಹಗುರ.
"ಈ ಮಣ್ಣಲ್ಲಿ ಕಲ್ಲು ನೆಟ್ಟರೂ ಚಿಗುರತ್ತೆ"
ಗಂಗುಲಪ್ಪ ತೆಲುಗಲ್ಲಿ ಗೊಣಗಿ ಒಂದು ಚೀಲ ಕೇಳಿದ.
ಕೊಟ್ಟೆ.

ಹಬ್ಬದ ಹಿಂದಿನ ದಿನ ಬುರುಡುಗುಂಟೆಯಿಂದ ತಮ್ಮ ಬಂದ,
ಬೈಕಿಗೆ ಮಾವಿನ ಸೊಪ್ಪು, ಬೇವಿನ ಹೂವು,
ಜೊತೆಗೆ ಒಂದು ಹಿಪ್ಪುನೇರಳೆ ಕಡ್ಡಿ.
ತಮಾಷೆಗೆ ತಂದೆ ಅಂದ.
ಹುಟ್ಟಿದ್ದು ಹುಳ ಮೇಯಿಸುವ ಮನೆ,
ಸೇರಿದ್ದು ಗೂಡು ಬೇಯಿಸುವ ಮನೆ;
ಬೇಡ ಅನ್ನಲು ಬಾಯಿ ತೆರೆದೆ,
ಗುಣಿ ತೋಡುತ್ತಿದ್ದೆ.

ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಗಲಿಲ್ಲ ರಾತ್ರಿಯಿಲ್ಲ.
ಆ ಸದ್ದು, ಅಟ್ಟಣಿಗೆ ತುಂಬ ಜಡಿಮಳೆಯಂಥ ಸದ್ದು,
ಅದಕ್ಕೆ ಹೆದರಿಯೇ ಅಮ್ಮ ಸೊಪ್ಪು ಕುಯ್ಯುತ್ತಿದ್ದಳು.
ತೋಟದಲ್ಲಿ ಯಾವ ಗಿಡವೂ ನನಗಿಂತ ಎತ್ತರ ಬೆಳೆದಿದ್ದು ಕಂಡಿಲ್ಲ.

ಬೇವು ಬೆಲ್ಲ ತಿನ್ನುವ ಹೊತ್ತಿಗೆ
ಬಚ್ಚಲ ಬಾಗಿಲಿಗೆ ಕೀಲು ಬಂತು, ನಲ್ಲಿ ಸುಮ್ಮನಾಯಿತು.
ಅಡುಗೆಮನೆ ಸೋರುವುದು ಮಳೆ ಬಂದಾಗ ನೋಡೋಣ.
ಪಟ್ಟಿ ಇನ್ನೂ ಗೋಡೆಯಲ್ಲಿದೆ, ಅರ್ಧ ಹೊಡೆದುಹಾಕಿ.

ಹದಿನಾರನೇ ದಿನ ಕಡ್ಡಿಯ ಕಣ್ಣಲ್ಲಿ ಎರಡು ಎಲೆ,
ಇಲಿಯ ಕಿವಿಯಷ್ಟು.
ಕೈ ತಾನಾಗೇ ಹೋಯಿತು ಚಿವುಟಲು.

"ಬಿಡೇ" ಅಂದರು ಹಿಂದಿನಿಂದ.
ಯಾವಾಗ ಬಂದು ನಿಂತಿದ್ದರೋ,
ಭಟ್ಟಿ ಇದ್ದ ಜಾಗದಲ್ಲೇ, ಬರಿಗಾಲಲ್ಲಿ.
"ಇದರ ಹಣ್ಣು ಹೆಂಗಿರುತ್ತೆ?"

ಕೆಂಪಗಿದ್ದಾಗಲೇ ಕದ್ದು ತಿಂದಿದ್ದೀನಿ, ಹುಳಿ, ಅಂದೆ.
ಕಪ್ಪಾಗೋವರೆಗೆ
ಯಾರೂ ಬಿಟ್ಟಿರಲಿಲ್ಲ.