ಮಾರಿ ಯಾ ಕಡೆ?

ಬೆಟಗೇರಿಯ ಹಳೇ ಮಗ್ಗದ ಮನಿ.
ಹತ್ತೊಂಬತ್ತು ಮಂದಿ, ಸಿಮೆಂಟಿನವರು.
ಟಂಟಂನಿಂದ ಇಳಿಸುತ್ತ ಮಾಬುಸಾಬ ಕೇಳಿದ:
"ಮಾರಿ ಯಾ ಕಡೆರಿ, ಬಾಯಾರ?"

ಗೋಡೆ ಕಡೆ. ಎಲ್ಲಾರದೂ.
ಹೆಗಲಿಗೆ ಹೆಗಲು ತಾಗಬಾರದು,
ನಡುವೆ ಒಬ್ಬರು ನುಸುಳುವಷ್ಟು ಸಂದೂ ಇರಬಾರದು.
ಸುತಳಿ ಹಿಡಿದು ಅಳೆದೆ.

ಹನ್ನೆರಡನೆಯವಗ ಮಾತ್ರ ನೆಲ ಇರಲಿಲ್ಲ.
ಅವನ ಪಾಲಿಗೆ ಬಂದದ್ದು ಮಗ್ಗದ ಕುಣಿ,
ಅಪ್ಪ ಕಾಲು ಇಳಿಬಿಟ್ಟು ಕೂಡುತ್ತಿದ್ದದ್ದು.
ಇಳಿಸಿದೆವು.
ಸೊಂಟದ ಮಟ ಮುಳುಗಿ
ಅವನೂ ಗೋಡೆಯನ್ನೇ ನೋಡಿದ.

ಐದಕ್ಕೆ ಬಾಗಿಲು ತೆರೆದೆ.
ಬಂದವರೆಲ್ಲ ಚಪ್ಪಲಿ ಬಿಟ್ಟರು;
ಬಿಡ್ರಿ ಅಂತ ಯಾರೂ ಅಂದಿರಲಿಲ್ಲ,
ಮೊದಲಿನವ ಬಿಟ್ಟಿದ್ದ.
ಗೊಂಬೆಗಳ ಬೆನ್ನಿಗೆ ಸಾಲಾಗಿ ನಿಂತರು.
ಸುಣ್ಣದ ಗೋಡೆ. ಒಂದು ಮೊಳೆ ಸೈತ ಇಲ್ಲ.

ಬಾಡಿಗಿ ಇಸಗೊಂಡು ಹೊಂಟಿದ್ದ ಮಾಬುಸಾಬ
ಹೊಸ್ತಿಲದಾಗ ತಡೆದ.
"ಅಲ್ಲೇನೈತ್ರಿ?"

ನಾ ಬಾಯಿ ತೆರೆಯೂದ್ರೊಳಗ
ಚಪ್ಪಲಿ ಬಿಟ್ಟಿದ್ದ.