ಕೆಳಗಿನ ಕಟ್ಟು

ಬಾ, ಕೂತ್ಕೋ. ಆ ಮೂಟೆ ಮೇಲಲ್ಲ, ಈ ಕಡೆ.
ಅಲ್ಲಿ ಕೂತರೆ ಹಮಾಲಿಯವರು ಬೈತಾರೆ.
ಕಾಗದದ ತುಂಬ ಮನೆ ಮನೆ ಗೆರೆ ಎಳ್ಕೊಂಡು ಬಂದಿದ್ದೀಯ,
ಒಂದೊಂದು ಮನೇಲೂ ನಾನೊಂದು ಅಂಕಿ ಕೂರಿಸಬೇಕು.
ಸರಿ, ಬರ್ಕೋ:
ಪಿಳ್ಳಕ್ಕ, ಗಂಡ ಸೊಣ್ಣಪ್ಪ, ಹದಿನಾಲ್ಕು ಗುಂಟೆ,
ಹೊಸಕೋಟೆಯಿಂದ ಆಚೆಗೆ ಮೂರು ಮೈಲಿ,
ಕೊತ್ತಂಬರಿ.

ನಿನ್ನೆ ಕಿತ್ತಿದ್ದು ಆರುನೂರು ಕಟ್ಟು.
ಎಣಿಸಿದ್ದು ನಮ್ಮತ್ತೆ. ಅವಳಿಗೆ ಕಣ್ಣು ಮಂದ,
ಬೆರಳು ಚುರುಕು.
ಬಿಸಿಲು ಇಳಿದ ಮೇಲೇ ಕೀಳಬೇಕು ಅಂತ
ನಿಮ್ಮ ಪುಸ್ತಕದಲ್ಲಿ ಐತಂತೆ.
ನಮಗೂ ಗೊತ್ತು ಕಣಮ್ಮ.
ಆದರೆ ಕೂಲಿಯವರು ಐದಕ್ಕೆ ಹೊರಡ್ತಾರೆ,
ಬಸ್ಸು ಹಿಡಿಯೋ ಅವಸರ ಬಿಸಿಲಿಗಿಲ್ಲ.

ನೀರು ಚಿಮುಕಿಸಿ ಹಸೀ ಗೋಣಿ ಹೊದಿಸಿದ್ವಿ.
ಟೆಂಪೋದಲ್ಲಿ ಅದರ ಮೇಲೆ ಮೂಲಂಗಿ,
ಮೂಲಂಗಿ ಮೇಲೆ ಯಾರದೋ ಎಲೆಕೋಸು,
ಎಲೆಕೋಸಿನ ಮೇಲೆ ಅದರ ಒಡೆಯ, ಬೀಡಿ ಹಚ್ಕೊಂಡು.

ಒಂದು ಮಾತು ಹೇಳ್ತೀನಿ, ಬರೆಯೋದೇನೂ ಬೇಡ.
ಕಿತ್ತ ಮೇಲೂ ಸೊಪ್ಪು ಉಸಿರಾಡ್ತದೆ.
ಮೂಟೆ ನಡುವಿಗೆ ಕೈ ತೂರಿಸಿ ನೋಡು,
ಜ್ವರ ಬಂದೋರ ಕಂಕುಳು.
ಒಲೆ ಇಲ್ಲ, ಸೌದೆ ಇಲ್ಲ,
ತನ್ನ ಬಿಸಿಗೆ ತಾನೇ ಬೇಯ್ತದೆ.
ಕೆ.ಆರ್. ಪುರದ ಸೇತುವೆ ಹತ್ರ ಒಂದೂವರೆ ಗಂಟೆ ನಿಂತ್ವಿ,
ಮೆಟ್ರೋ ತೊಲೆ ಸಾಗಿಸ್ತಿದ್ದರಂತೆ.
ಊರೆಲ್ಲ ಮಲಗಿದ ಮೇಲೆ ಬೆಂಗಳೂರು
ತನ್ನ ಬೆನ್ನುಮೂಳೆ ತಾನೇ ಜೋಡಿಸ್ಕೊಳ್ತದೆ.
ಅಷ್ಟೊತ್ತಿಗೆ ಕೆಳಗಿನ ಸಾಲು ಹಳದಿ.
ನಾನೇನು ಕಂಡಿದ್ದೆನಾ? ಮುಂದೆ ಕೂತಿದ್ದೆ,
ಘಮ ಬರೋದು ನಿಂತಿತು.
ಮೊದಲು ಹೋಗೋದು ಅದೇ,
ಆಮೇಲೆ ಬಣ್ಣ, ಕೊನೇಗೆ ತೂಕ.
ನೀವು ಅಳೆಯೋಕೆ ಶುರು ಮಾಡೋದು ತೂಕದಿಂದ.

ಈ ಕಲಾಸಿಪಾಳ್ಯದಲ್ಲಿ ಮೂಟೆ ಬಿಚ್ಚಿದಾಗ ಮೂರೂಕಾಲು.
ಮೇಲಿನ ಕಟ್ಟು ಹಸಿರಾಗಿ ನಗ್ತಾ ಇತ್ತು,
ಮಂಡಿಯೋನು ಅದರ ಕಡೆ ತಿರುಗಲೂ ಇಲ್ಲ.
ಸೂಲಗಿತ್ತಿ ಥರ ತಳಕ್ಕೇ ಕೈ ಹಾಕಿದ,
ಒಂದನ್ನ ಎಳೆದು ದೀಪಕ್ಕೆ ಹಿಡಿದ.
ಆ ಒಂದರ ಬೆಲೆ ಆರುನೂರಕ್ಕೂ.
ಹಾಳಾಗಿದ್ದು ಎಪ್ಪತ್ತೋ ಎಂಬತ್ತೋ,
ಹಾಳು ಅನ್ನಿಸ್ಕೊಂಡಿದ್ದು ಪೂರಾ.
ಈಗ ಹೇಳು ತಾಯಿ, ಯಾವ ಅಂಕಿ ಕೊಡಲಿ?

ತಣ್ಣನೆ ಕೋಣೆನಾ? ಐತಲ್ಲ, ಈ ಓಣಿ ಹಿಂದೆ.
ಅದರೊಳಗೆ ಸೇಬು ಮಲಗಿರ್ತವೆ, ಎಲ್ಲಿಂದಲೋ ಬಂದವು,
ಮೈಗೆಲ್ಲ ಬಲೆ ತೊಟ್ಟುಕೊಂಡು.
ಹೋದ ಚೈತ್ರದಲ್ಲಿ ಬಾಡಿಗೆ ಕೇಳೋಕೆ ಹೋಗಿದ್ದೆ.
ಅವನು ಅಂದ ರೊಕ್ಕಕ್ಕೆ ಇನ್ನೊಂದು ಮಡಿ ಬಿತ್ತಬಹುದು.
ಆದರೂ ಒಂದು ಗಳಿಗೆ ಒಳಗೇ ನಿಂತೆ,
ಏನೋ ನೋಡೋಳ ಹಂಗೆ.
ಬೆವರು ಆರಿತು. ಸೆರಗು ಹೊದ್ದು ಹೊರಗೆ ಬಂದೆ.

ಯಾಕೆ, ಪೆನ್ನು ನಿಂತೇ ಬಿಡ್ತಲ್ಲ?
ಶೇಕಡಾ ಅನ್ನೋ ಮನೆ ಹತ್ರ ತಾನೆ?
ಇಪ್ಪತ್ತೈದು ಹಾಕ್ಕೋ.
ಆ ಮೂಲಂಗಿ ಗುರುವಯ್ಯನೂ ಅಷ್ಟೇ ಹೇಳಿದನಂತೆ.
ಎಲ್ಲಾರದೂ ಒಂದೇ ಇದ್ದರೆ
ನಿಮ್ಮ ಸಾಹೇಬರು ಸುಮ್ಮನಿರ್ತಾರೆ.
ಇಗೋ, ಈ ಎರಡು ಕಟ್ಟು ನಿಂಗೆ, ಮೇಲಿನವೇ.
ಸಾಯಂಕಾಲದೊಳಗೆ ಚಟ್ನಿ ಮಾಡ್ಕೋ,
ಬೆಳಿಗ್ಗೆ ಅಂತ ಇಡಬೇಡ.

ಡ್ರೈವರು ಹಾರ್ನ್ ಹೊಡೀತಿದ್ದಾನೆ, ಬರ್ಲಾ?
ಖಾಲಿ ಗಾಡೀಲಿ ನಾನು ಹಿಂದೇ ಕೂರೋದು,
ಮಡಿಸಿದ ಗೋಣಿ ಮೇಲೆ.
ಹೊಸಕೋಟೆ ಬರೋವರೆಗೂ ಅದು ತಂಪಾಗೇ ಇರ್ತದೆ ಕಣೇ,
ಇಳಿಯೋವಾಗ ಸೀರೆ ಒದ್ದೆ.